ಓದುಗರೊಡನೆ: ಡಿಲನ್ ಆಲ್ಬಮ್‌ಗಳ ಮೇಲಿನ ಹಳೆಯ ಸಿಟ್ಟು

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ, ಅಮೆರಿಕದ ಹಾಡುಗಾರ ಬಾಬ್ ಡಿಲನ್‌ನ ಆಲ್ಬಮ್‌ಗಳ ಪೈಕಿ ನಾನು ಈಗ ಹೆಚ್ಚು ಕೇಳುವುದು ಒಂದು ಕಾಲಕ್ಕೆ ನಾನೇ ಬೈದು ಮೂಲೆಗೆ ಹಾಕಿದ್ದ ‘ಸೆಲ್ಫ್ ಪೋರ್ಟ್ರೇಟ್’ ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಕಾಗದಗಳು ನನ್ನ ಇಡೀ ಲೇಖನಗಳಿಗೂ ಬಂದದ್ದಿಲ್ಲ. ಕೋಲಾರ ಜಿಲ್ಲೆಯಿಂದ, ಅದರಲ್ಲೂ ಕೆಜಿಎಫ್‌ನಿಂದ, ಇಷ್ಟು ಮಂದಿ ಬರೆದಾರೆಂದು ಸಂಪಾದಕರು ಎಣಿಸಿರಲಿಲ್ಲ, ನಾನು ಎಣಿಸಿದ್ದೆ. ಗಣಿಯ ಊರಿನಲ್ಲಿ ಆಂಗ್ಲೋ-ಇಂಡಿಯನ್ ಮನೆಗಳೂ ಕ್ಲಬ್ಬುಗಳೂ ತುಂಬಿದ್ದ ದಿನಗಳಿಂದಲೇ ಇಂಗ್ಲಿಷ್ ಹಾಡಿನ ಪ್ಲೇಟುಗಳು ಕೈಯಿಂದ ಕೈಗೆ ದಾಟಿ ಕನ್ನಡ, ತಮಿಳು, ತೆಲುಗಿನ ಮನೆಗಳನ್ನೂ ಸೇರಿದ್ದವು. ಬಂದ ಕಾಗದಗಳಲ್ಲಿ ಕೆಲವನ್ನು ಆರಿಸಿಕೊಂಡು ಉತ್ತರಿಸಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿರುವುದರಿಂದ ಎಲ್ಲರದ್ದೂ ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ಡಿಲನ್ ಕುರಿತು ಈಚೆಗೆ ಬಂದ ಸಿನಿಮಾ ನೋಡಿದೆ. ಎಲೆಕ್ಟ್ರಿಕ್ ಗಿಟಾರ್ ಹಿಡಿದನೆಂಬ ಒಂದೇ ಕಾರಣಕ್ಕೆ ನ್ಯೂಪೋರ್ಟ್ ಉತ್ಸವದಲ್ಲಿ ಜನ ಕೂಗಾಡುವುದು, ಒಬ್ಬಾತ ‘ಜೂಡಾಸ್’ (ಯೇಸುವಿಗೆ ದ್ರೋಹ ಬಗೆದ ಶಿಷ್ಯ) ಎಂದು ಬೈಯುವುದು ಕಂಡು ನಗು ಬಂತು. ನಿಜವಾಗಿಯೂ ಹೀಗೆ ನಡೆಯಿತೆ? ಅಷ್ಟು ಸಿಟ್ಟಾದವರೇ ಮುಂದೆ ಅದೇ ಹಾಡುಗಳನ್ನು ಮೆಚ್ಚಿದ್ದು ಹೇಗೆ?
(ವಿದ್ಯಾರ್ಥಿನಿ, ಮುಳಬಾಗಿಲು)

ಉತ್ತರ: ನಡೆದದ್ದು ನಿಜ, ಆದರೆ ಒಂದೇ ಕಡೆ ನಡೆದದ್ದಲ್ಲ. ಸಿನಿಮಾದವರು ಎರಡು ರಾತ್ರಿಗಳನ್ನು ಒಂದಾಗಿ ಹೊಲಿದಿದ್ದಾರೆ. ನ್ಯೂಪೋರ್ಟ್ ಜಾನಪದ ಸಂಗೀತ ಉತ್ಸವದ ವೇದಿಕೆಗೆ ಡಿಲನ್ ವಾದ್ಯತಂಡದೊಡನೆ ಹತ್ತಿದ್ದು 1965ರ ಜುಲೈ 25ರಂದು. ಮೂರು ಹಾಡು ಹಾಡಿ ಇಳಿದ. ಮತ್ತೆ ಒಬ್ಬನೇ ಬಂದು ಸಾದಾ ಗಿಟಾರಿನೊಂದಿಗೆ ಎರಡು ಹಾಡು ಹಾಡಿದ. ಸಭಿಕರಲ್ಲಿ ಕೆಲವರು ಕೂಗಿದ್ದು ವಿದ್ಯುತ್ ವಾದ್ಯದ ಮೇಲಿನ ಸಿಟ್ಟಿನಿಂದಲೋ, ಮಾತೇ ಕೇಳಿಸದಂತೆ ಹಾಳಾಗಿದ್ದ ಧ್ವನಿವರ್ಧಕದಿಂದಲೋ, ಅಥವಾ ಇಷ್ಟು ಬೇಗ ಮುಗಿಯಿತೇ ಎಂಬ ಬೇಸರದಿಂದಲೋ ಎಂಬುದರಲ್ಲಿ ಅಲ್ಲಿದ್ದವರಲ್ಲೇ ಒಮ್ಮತವಿಲ್ಲ. ‘ಜೂಡಾಸ್’ ಎಂಬ ಕೂಗು ಕೇಳಿಬಂದದ್ದು ಸುಮಾರು ಹತ್ತು ತಿಂಗಳ ಮೇಲೆ, 1966ರ ಮೇ 17ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಫ್ರೀ ಟ್ರೇಡ್ ಹಾಲ್‌ನಲ್ಲಿ. ಆ ರಾತ್ರಿಯ ಧ್ವನಿಮುದ್ರಣ ವರ್ಷಗಟ್ಟಲೆ ಕದ್ದುಮುಚ್ಚಿ ಓಡಾಡಿತು, ಅದೂ ಲಂಡನ್ನಿನ ಆಲ್ಬರ್ಟ್ ಹಾಲ್‌ನದೆಂಬ ತಪ್ಪು ಹೆಸರಿನಲ್ಲಿ. ಕಂಪನಿ ಅದನ್ನು ಅಧಿಕೃತವಾಗಿ ಹೊರತಂದದ್ದು 1998ರಲ್ಲಿ.

ತಾವು ನಗಬೇಡಿ. ನಮ್ಮ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯೇ ಇರಬೇಕು, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಮುಗಿಯಬೇಕು ಎಂದು ಸರ್ಕಾರ 2022ರಲ್ಲಿ ಆದೇಶ ಹೊರಡಿಸಿದಾಗ ಸಿ. ಅಶ್ವತ್ಥರ ಧಾಟಿಯನ್ನು ಎದೆಗೆ ಹಚ್ಚಿಕೊಂಡವರು ಸುಮ್ಮನಿದ್ದರೆ? ತಕರಾರು ಹೈಕೋರ್ಟಿನ ತನಕ ಹೋಯಿತು. ಹಾಡು ತಮ್ಮದೆಂದು ನಂಬಿದವರು ಅದರ ಧಾಟಿ, ವಾದ್ಯ, ವೇಗ ಯಾವುದು ಬದಲಾದರೂ ಮನೆಯ ಗೋಡೆ ಕೆಡವಿದಂತೆ ಎದ್ದುನಿಲ್ಲುತ್ತಾರೆ. 1963ರ ವಾಷಿಂಗ್ಟನ್ ನಡಿಗೆಯಲ್ಲಿ, ನಾಗರಿಕ ಹಕ್ಕುಗಳಿಗಾಗಿ ಸೇರಿದ್ದ ಲಕ್ಷಾಂತರ ಜನರ ಮುಂದೆ ಹಾಡಿದ ಹುಡುಗ ಡಿಲನ್. ಆ ಜನರಿಗೆ ಸಾದಾ ಗಿಟಾರ್ ಎಂದರೆ ಪ್ರಾಮಾಣಿಕತೆ, ವಿದ್ಯುತ್ ಗಿಟಾರ್ ಎಂದರೆ ಮಾರುಕಟ್ಟೆ.

ಆದರೆ ಗಿಟಾರ್ ಒಂದು ನೆಪ ಎಂದೇ ನನ್ನ ಎಣಿಕೆ. ಒಡಕು ಅದಕ್ಕೂ ಒಂದು ವರ್ಷ ಹಿಂದೆ ಕಾಣಿಸಿಕೊಂಡಿತ್ತು. 1964ರ ಆಗಸ್ಟ್‌ನಲ್ಲಿ ಬಂದ ‘ಅನದರ್ ಸೈಡ್ ಆಫ್ ಬಾಬ್ ಡಿಲನ್’ ಆಲ್ಬಮ್‌ನಲ್ಲಿ ಬ್ಯಾಂಡೂ ಇಲ್ಲ, ವಿದ್ಯುತ್ ಗಿಟಾರೂ ಇಲ್ಲ. ಆದರೂ ಜಾನಪದ ಸಂಗೀತದ ‘ಸಿಂಗ್ ಔಟ್’ ಪತ್ರಿಕೆಯ ಸಂಪಾದಕ ಇರ್ವಿನ್ ಸಿಲ್ಬರ್ ಆ ನವೆಂಬರಿನಲ್ಲಿ ಡಿಲನ್‌ಗೆ ಬಹಿರಂಗ ಪತ್ರ ಬರೆದು, ನಿನ್ನ ಹಾಡು ಲೋಕವನ್ನು ಬಿಟ್ಟು ನಿನ್ನೊಳಕ್ಕೇ ತಿರುಗಿಬಿಟ್ಟಿದೆ ಎಂಬ ಆಕ್ಷೇಪ ಎತ್ತಿದ. ನ್ಯೂಪೋರ್ಟ್‌ಗೆ ನಾಲ್ಕು ತಿಂಗಳು ಮುಂಚೆ ಬಂದ ಆಲ್ಬಮ್‌ನಲ್ಲಿ ಒಂದು ಬದಿ ವಿದ್ಯುತ್ ವಾದ್ಯಗಳದ್ದು, ಇನ್ನೊಂದು ಬದಿ ಹೆಚ್ಚುಕಡಿಮೆ ಗಿಟಾರೊಂದರದ್ದು. ಅಂದರೆ ಕೂಗಿದವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದನ್ನು ಕಣ್ಣೆದುರಿಗೆ ಕಾಣುವುದು ಬೇರೆ. ಮನೆಯಲ್ಲಿ ಪ್ಲೇಟಿನ ಒಂದು ಬದಿ ಹಾಕಿಕೊಂಡು ಇನ್ನೊಂದನ್ನು ಹಾಕದೆ ಇರಬಹುದು. ಬಯಲಿನಲ್ಲಿ ಕುಳಿತವರಿಗೆ ಆ ಸೌಕರ್ಯವಿಲ್ಲ.

ಮುಂದೆ ಅವರು ಮೆಚ್ಚಿದ್ದು ಹೇಗೆಂದು ಕೇಳಿದ್ದೀರಿ. ಎಲ್ಲರೂ ಮೆಚ್ಚಲಿಲ್ಲ, ಬಹಳ ಮಂದಿ ಆ ಕಡೆ ತಿರುಗಿಯೂ ನೋಡಲಿಲ್ಲ. 1965, 66ರ ಆಲ್ಬಮ್‌ಗಳನ್ನು ಇಂದು ಶ್ರೇಷ್ಠವೆನ್ನುವವರಲ್ಲಿ ಹೆಚ್ಚಿನವರು ಆ ಹಾಡುಗಳೊಂದಿಗೇ ಡಿಲನ್‌ನ ಹತ್ತಿರ ಬಂದವರು, ನಿಮ್ಮ ಹಾಗೆ. ಅಭಿಮಾನಿಗಳ ಮನಸ್ಸು ಬದಲಾಯಿತು ಎನ್ನುವ ಕಡೆ ಎಷ್ಟೋ ಸಲ ಅಭಿಮಾನಿಗಳೇ ಬದಲಾಗಿರುತ್ತಾರೆ.

ಪ್ರಶ್ನೆ: ಡಿಲನ್‌ನನ್ನು ತಾವು ‘ಅವನು’ ಎಂದು ಏಕವಚನದಲ್ಲಿ ಬರೆಯುವುದು ಸರಿಯೇ? ನೊಬೆಲ್ ಪಡೆದ ಹಿರಿಯರು.
(ಓದುಗರೊಬ್ಬರು, ಕೋಲಾರ)

ಉತ್ತರ: ಪುರಂದರದಾಸರನ್ನು ಬಹುವಚನದಲ್ಲಿಯೂ ಪಂಪನನ್ನು ಏಕವಚನದಲ್ಲಿಯೂ ಕರೆಯುವ ನಾಡಿನವರು ನಾವು. ನನಗೆ ಡಿಲನ್ ಪಂಪನ ಸಾಲಿನವನು. ಎದುರಿಗೆ ಬಂದರೆ ಖಂಡಿತ ‘ತಾವು’ ಎನ್ನುತ್ತೇನೆ.

ಪ್ರಶ್ನೆ: ‘ಸೆಲ್ಫ್ ಪೋರ್ಟ್ರೇಟ್’ ಬಂದಾಗ ಎಲ್ಲರೂ ಉಗಿದರು, ತಾವೂ ಉಗಿದಿರಿ. ಈಗ ಎಲ್ಲರೂ ಹೊಗಳುತ್ತಿದ್ದಾರೆ, ತಾವೂ ಹೊಗಳುತ್ತಿದ್ದೀರಿ. ಇದು ಗಾಳಿ ಬಂದಾಗ ತೂರಿಕೊಳ್ಳುವ ಬುದ್ಧಿಯಲ್ಲವೆ?
(ನಿವೃತ್ತ ಶಿಕ್ಷಕರು, ಮಾಲೂರು)

ಉತ್ತರ: ಮೇಷ್ಟ್ರೇ, ಕಿವಿ ಹಿಂಡಿದ್ದೀರಿ, ಒಳ್ಳೆಯದಾಯಿತು. ನಾನು ಮೊದಲು ಉಗಿದದ್ದು ಯಾರ ಮಾತನ್ನೂ ಓದಿ ಅಲ್ಲ ಎಂಬುದನ್ನಾದರೂ ಹೇಳಿಕೊಳ್ಳುತ್ತೇನೆ.

1980ರ ದಶಕದ ನಡುವಿನ ಮಾತು. ನಾನಾಗ ಕೆಜಿಎಫ್‌ನಲ್ಲಿ ಕಾಲೇಜು ಓದುತ್ತಿದ್ದೆ. ರಾಬರ್ಟ್‌ಸನ್‌ಪೇಟೆಯ ಒಂದು ಕುಟುಂಬ ಆಸ್ಟ್ರೇಲಿಯಾಕ್ಕೆ ಹೊರಟು ಮನೆಯ ಸಾಮಾನೆಲ್ಲ ಮಾರುತ್ತಿತ್ತು. ಬೆತ್ತದ ಕುರ್ಚಿಗಳ ಹಿಂದೆ, ಚಹಾಪುಡಿಯ ಮರದ ಪೆಟ್ಟಿಗೆಯೊಂದರಲ್ಲಿ ಪ್ಲೇಟುಗಳಿದ್ದವು. ಡಿಲನ್‌ನದು ಒಂದೇ ಇತ್ತು, ಎರಡು ಪ್ಲೇಟಿನದು, ಹೊದಿಕೆಯ ಮೇಲೆ ಡಿಲನ್ ತಾನೇ ಬರೆದ ಒಂದು ಮುಖದ ಚಿತ್ರ, ಮಗುವಿನ ಕೈಯ ಬಣ್ಣದಂತೆ ಅಂಕುಡೊಂಕು. ಮೂವತ್ತು ರೂಪಾಯಿ ಕೇಳಿದರು. ಹಾಸ್ಟೆಲಿನ ಊಟದ ದುಡ್ಡನ್ನು ಕೊಟ್ಟು ತಂದೆ. ಗೆಳೆಯನ ಮನೆಯ ಪ್ಲೇಯರಿನಲ್ಲಿ ಮೊದಲನೆಯ ಹಾಡು ಹಾಕಿದರೆ ಡಿಲನ್ ಹಾಡಲೇ ಇಲ್ಲ. ಹೆಂಗಸರ ಒಂದು ಗುಂಪು ಎರಡು ಸಾಲನ್ನು ಹಾಡಿತು, ಮತ್ತೆ ಅದನ್ನೇ ಹಾಡಿತು, ಮತ್ತೆ ಅದನ್ನೇ. ಮುಳ್ಳು ಗೀರಿನಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ಮುಳ್ಳಿನ ತಲೆಯ ಮೇಲೆ ನಾಲ್ಕಾಣೆಯ ನಾಣ್ಯ ಇಟ್ಟೆ. ಆಗೆಲ್ಲ ಎಲ್ಲರ ಮನೆಯಲ್ಲೂ ಅದೇ ರಿಪೇರಿ. ಹೆಂಗಸರು ಅದೇ ಎರಡು ಸಾಲು ಹಾಡಿದರು. ಎಂಟಾಣೆ ಇಟ್ಟೆ. ಮೂರು ನಿಮಿಷ ಕಳೆದು ಹಾಡು ತಾನಾಗಿ ಮುಗಿದಾಗಲೇ ಪ್ಲೇಟಿನಲ್ಲಿ ದೋಷವಿಲ್ಲ, ಹಾಡು ಇರುವುದೇ ಅಷ್ಟು ಎಂದು ತಿಳಿದದ್ದು. ಗೆಳೆಯನ ತಾಯಿ ಅಡುಗೆಮನೆಯಿಂದ ನಗುತ್ತಿದ್ದರು. ಮೂವತ್ತು ರೂಪಾಯಿ ಹೋಯಿತು ಎಂಬ ಸಿಟ್ಟು ನನಗೆ ಬಹಳ ಕಾಲ ಇತ್ತು.

ಹೊರಗಿನ ಲೋಕದಲ್ಲಿ ಸಿಟ್ಟು 1970ರ ಜೂನ್‌ನಲ್ಲಿ, ಆಲ್ಬಮ್ ಬಂದೊಡನೆಯೇ, ಶುರುವಾಗಿತ್ತು. ಇಪ್ಪತ್ತನಾಲ್ಕು ಹಾಡುಗಳ ಆ ಆಲ್ಬಮ್‌ನಲ್ಲಿ ಹಳೆಯ ಜನಪದ ಹಾಡು, ಇತರರ ಜನಪ್ರಿಯ ಹಾಡು, ವೇದಿಕೆಯ ಹಾಡು ಎಲ್ಲ ಕಲಸಿಹೋಗಿದ್ದವು. ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಗ್ರೀಲ್ ಮಾರ್ಕಸ್ ಬರೆದ ವಿಮರ್ಶೆಯ ಮೊದಲ ವಾಕ್ಯವನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ. ನಾಲ್ಕು ತಿಂಗಳಲ್ಲಿ ‘ನ್ಯೂ ಮಾರ್ನಿಂಗ್’ ಬಂದಾಗ ಇದು ತಪ್ಪೊಪ್ಪಿಗೆ ಎಂದು ಅಭಿಮಾನಿಗಳು ಸಮಾಧಾನಪಟ್ಟರು. ಅದರ ಧ್ವನಿಮುದ್ರಣ ಬೈಗುಳ ಬರುವುದಕ್ಕೆ ಮೊದಲೇ ಆರಂಭವಾಗಿತ್ತೆಂಬುದು ಆಗ ಅವರಿಗೆ ತಿಳಿಯದು. 2013ರಲ್ಲಿ ಅದೇ ಕಾಲದ ಧ್ವನಿಮುದ್ರಣಗಳನ್ನು, ಮೇಲಿಂದ ಹೇರಿದ್ದ ತಂತಿವಾದ್ಯಗಳ ಮೇಳವನ್ನು ಸುಲಿದುಹಾಕಿ, ‘ಅನದರ್ ಸೆಲ್ಫ್ ಪೋರ್ಟ್ರೇಟ್’ ಎಂದು ಹೊರತಂದರು. ಗಿಟಾರು, ಪಿಯಾನೋ, ಮನೆಯ ಜಗಲಿಯ ಮೇಲೆ ಕುಳಿತಂಥ ಒಂದು ಕಂಠ, ಕೇಳಿದವರು ಬೆರಗಾದರು. ಆ ಸಂಪುಟಕ್ಕೆ ಟಿಪ್ಪಣಿ ಬರೆದದ್ದು ಯಾರು ಗೊತ್ತೇ? ಅದೇ ಗ್ರೀಲ್ ಮಾರ್ಕಸ್.

ಹಾಗೆಂದು 1970ರ ಆಲ್ಬಮ್ ರಾತ್ರೋರಾತ್ರಿ ಚಿನ್ನವಾಗಲಿಲ್ಲ. ಅದರಲ್ಲಿ ‘ದ ಬಾಕ್ಸರ್’ ಹಾಡನ್ನು ಡಿಲನ್ ತನ್ನ ದನಿಯ ಮೇಲೆ ತನ್ನದೇ ದನಿ ಕೂರಿಸಿ ಹಾಡಿದ್ದಾನೆ, ಎರಡೂ ಒಂದಕ್ಕೊಂದು ಕೂಡದೆ ಎಳೆದಾಡುತ್ತವೆ. ಅದನ್ನು ಇಂದಿಗೂ ನಾನು ದಾಟಿಸಿ ಮುಂದಕ್ಕೆ ಹೋಗುತ್ತೇನೆ. ನನ್ನ ಮನಸ್ಸು ತಿರುಗಿದ್ದು ಆ ಮೊದಲ ಹಾಡಿನ ವಿಷಯದಲ್ಲಿ, ಅದೂ 2013ಕ್ಕೆ ಬಹಳ ಮುಂಚೆ. ಆ ಎರಡು ಸಾಲಿನ ತಾತ್ಪರ್ಯ, ಕುದುರೆಗಳೆಲ್ಲ ಬಿಸಿಲಲ್ಲಿ ದಣಿದು ನಿಂತಿವೆ, ನನ್ನ ಸವಾರಿ ಸಾಗುವುದು ಹೇಗೆ ಎಂದು. ಇಂಗ್ಲಿಷಿನಲ್ಲಿ ಸವಾರಿ (ರೈಡಿಂಗ್) ಎಂಬ ಪದವೂ ಬರವಣಿಗೆ (ರೈಟಿಂಗ್) ಎಂಬ ಪದವೂ ಕಿವಿಗೆ ಒಂದರ ಪಕ್ಕ ಒಂದು ಕೇಳಿಸುತ್ತವೆ. ಏನೂ ಬರೆಯಲಾಗದೆ ಕುಳಿತವನೊಬ್ಬ ಆ ಮಾತನ್ನು ತಾನೂ ಆಡದೆ ಹೆಂಗಸರ ಬಾಯಿಂದ ಆಡಿಸಿದ್ದಾನೆ. ಬಂಗಾರಪೇಟೆ ನಿಲ್ದಾಣದ ಹೊರಗೆ, ಮಧ್ಯಾಹ್ನದ ಗಾಡಿ ತಡವಾದ ದಿನ, ಹುಲ್ಲಿನ ಚೀಲಕ್ಕೆ ಮೂತಿ ಇಟ್ಟು ನಿಂತ ಜಟಕಾ ಕುದುರೆಗಳನ್ನು ಅರ್ಧ ಗಂಟೆ ನೋಡಿದ ಮೇಲೆ ಆ ಹಾಡು ಉದ್ದವಾಯಿತೆಂದು ನನಗೆ ಮತ್ತೆಂದೂ ಅನ್ನಿಸಲಿಲ್ಲ. ಇದನ್ನು ಗಾಳಿ ಎನ್ನುವಿರೋ ಬಿಸಿಲು ಎನ್ನುವಿರೋ ತಮಗೆ ಬಿಟ್ಟದ್ದು.

ಪ್ರಶ್ನೆ: ನನಗೀಗ ಅರವತ್ತೆಂಟು. 1979ರಲ್ಲಿ ಡಿಲನ್ ಕ್ರೈಸ್ತ ಭಕ್ತಿಗೀತೆಗಳ ಆಲ್ಬಮ್ ತಂದಾಗ, ಇವನೂ ಬೋಧನೆಗೆ ಇಳಿದನಲ್ಲ ಎಂದು ನಾನೂ ನನ್ನ ಗೆಳೆಯರೂ ಅವನನ್ನು ಬಿಟ್ಟೆವು. ಈಚೆಗೆ ಮಗ ಅದೇ ಕಾಲದ ಹಾಡುಗಳನ್ನು ಮೊಬೈಲಿನಲ್ಲಿ ಕೇಳಿಸಿದ. ಕಣ್ಣು ತುಂಬಿ ಬಂತು. ಆಗ ನಾನು ತಪ್ಪಾಗಿ ಅಳೆದೆನೆ?
(ನಿವೃತ್ತ ಅಂಚೆ ನೌಕರರು, ಊರಿಗಾಂ, ಕೆಜಿಎಫ್)

ಉತ್ತರ: ಮೊದಲು ಒಂದು ಸಂಗತಿ ಸ್ಪಷ್ಟವಾಗಲಿ: ತಾವು ಅಂದು ಕೇಳಿದ್ದೂ ಇಂದು ಕೇಳಿದ್ದೂ ಒಂದೇ ಅಲ್ಲ. ಮಗ ಕಳಿಸಿದ ಹಾಡುಗಳ ಪಟ್ಟಿಯನ್ನು ಕಾಗದದಲ್ಲಿ ಬರೆದಿದ್ದೀರಿ. ಅವು 2017ರಲ್ಲಿ ಬಂದ ‘ಟ್ರಬಲ್ ನೋ ಮೋರ್’ ಸಂಪುಟದವು, ಅಂದರೆ 1979ರಿಂದ 81ರವರೆಗಿನ ವೇದಿಕೆಯ ಧ್ವನಿಮುದ್ರಣಗಳು. ತಾವು ಅಂದು ಕ್ಯಾಸೆಟ್ಟಿನಲ್ಲಿ ಕೇಳಿದ್ದು ‘ಸ್ಲೋ ಟ್ರೇನ್ ಕಮಿಂಗ್’, ಅಲಬಾಮಾದ ಮಸಲ್ ಷೋಲ್ಸ್ ಸ್ಟುಡಿಯೋದಲ್ಲಿ ಅಚ್ಚುಕಟ್ಟಾಗಿ ಮುದ್ರಿಸಿದ್ದು, ಮಾರ್ಕ್ ನಾಫ್ಲರ್‌ನ ಗಿಟಾರಿನ ನಯಗಾರಿಕೆಯಿರುವಂಥದ್ದು. ಅದು ಸೋತ ಆಲ್ಬಮ್ ಅಲ್ಲ. ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೂರನೆಯ ಸ್ಥಾನದವರೆಗೆ ಏರಿತು, ಅದರ ಮೊದಲ ಹಾಡಿನ ಗಾಯನಕ್ಕೆ ಗ್ರ್ಯಾಮಿ ಬಂತು. ಸಿಟ್ಟು ಹೆಚ್ಚಿದ್ದು ವೇದಿಕೆಯಲ್ಲಿ. ಆ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ರಂಗಮಂದಿರದಲ್ಲಿ ಹದಿನಾಲ್ಕು ಕಾರ್ಯಕ್ರಮಗಳಲ್ಲಿ ಡಿಲನ್ ತನ್ನ ಹಳೆಯ ಹಾಡುಗಳಲ್ಲಿ ಒಂದನ್ನೂ ಹಾಡಲಿಲ್ಲ. ಟಿಕೆಟ್ ಕೊಂಡು ಬಂದವರು ಹಳೆಯದನ್ನು ಹಾಡು ಎಂದು ಕೂಗಿದರು. ಅವನು ನಡುನಡುವೆ ಲೋಕದ ಅಂತ್ಯಕಾಲದ ಮಾತಾಡಿದ. 1980ರ ‘ಸೇವ್ಡ್’ ಆಲ್ಬಮ್‌ನ ಹೊದಿಕೆಯ ಮೇಲೆ ಮೇಲಿಂದ ಚಾಚಿದ ದೇವರ ಕೈಯೂ ಕೆಳಗಿನಿಂದ ಎತ್ತಿದ ಭಕ್ತರ ಕೈಗಳೂ ಇದ್ದವು. ಮುಂದಿನ ಮುದ್ರಣಗಳಲ್ಲಿ ಕಂಪನಿಯವರು ಆ ಚಿತ್ರವನ್ನೇ ಬದಲಾಯಿಸಿಬಿಟ್ಟರು.

ನಮ್ಮ ಕಡೆಯವರಿಗೆ ಭಕ್ತಿಯ ಹಾಡು ಕಿವಿಗೆ ಮುಳ್ಳಲ್ಲ. ಕೈವಾರ ತಾತಯ್ಯನವರ ತತ್ವಪದಗಳನ್ನು, ತೆಲುಗಿನವೂ ಕನ್ನಡದವೂ, ಭಜನೆಯ ಮನೆಯಲ್ಲಿ ಕೇಳುತ್ತ ಬೆಳೆದವರು ನಾವು. ದೇವರನ್ನು ನಂಬದ ನನ್ನ ಚಿಕ್ಕಪ್ಪ ಸಹ ತಾಳ ಹಿಡಿಯುತ್ತಿದ್ದರು. ಆದ್ದರಿಂದ ತಮ್ಮನ್ನು ದೂರ ತಳ್ಳಿದ್ದು ಭಕ್ತಿ ಆಗಿರಲಾರದು. ‘ಸ್ಲೋ ಟ್ರೇನ್’ನ ಹಾಡುಗಳಲ್ಲಿ ಡಿಲನ್ ಕೈಮುಗಿಯುವುದಕ್ಕಿಂತ ಬೆರಳು ತೋರುವುದು ಹೆಚ್ಚು: ನೀನು ಆ ಕಡೆಯವನೋ ಈ ಕಡೆಯವನೋ ಹೇಳಿಬಿಡು ಎಂದು ಕೇಳುಗನನ್ನು ನಿಲ್ಲಿಸಿ ಕೇಳುತ್ತಾನೆ. ಅದು ನನಗೆ ಈಗಲೂ ಹಿಡಿಸುವುದಿಲ್ಲ. ವೇದಿಕೆಯ ಧ್ವನಿಮುದ್ರಣದಲ್ಲಿ ಹಾಡುಗಳು ಬಹುಪಾಲು ಅವೇ, ಆದರೆ ಹಿಂದೆ ನಿಂತ ಕಪ್ಪು ಹೆಣ್ಣುಮಕ್ಕಳ ಹಿಮ್ಮೇಳ ಏರುತ್ತ ಹೋದಂತೆ ಅವನ ದನಿ ಬೋಧಕನದಾಗಿ ಉಳಿಯದೆ ಸೋತು ಬಂದವನದಾಗುತ್ತದೆ. ತಮ್ಮ ಕಣ್ಣು ತುಂಬಿದ್ದು ಅಲ್ಲಿ. ಕ್ಯಾಸೆಟ್ಟು ಇನ್ನೂ ಇದೆ ಎಂದು ಬರೆದಿದ್ದೀರಲ್ಲ, ಅದನ್ನೇ ಒಮ್ಮೆ ಪೂರ್ತಿ ಕೇಳಿ ನೋಡಿ. 1979ರ ತಮ್ಮ ಬೇಸರ ಹಾಗೆಯೇ ಮರಳಿ ಬಂದರೆ ಗಾಬರಿಪಡಬೇಡಿ.

ಪ್ರಶ್ನೆ: ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರು ‘ಬ್ಲಡ್ ಆನ್ ದ ಟ್ರ್ಯಾಕ್ಸ್’ ಹಾಕಿದಾಗ ನನಗೂ ಬಹಳ ಇಷ್ಟವಾಗಿತ್ತು. ಇಪ್ಪತ್ತೈದು ವರ್ಷ ಪ್ರತಿ ಭಾನುವಾರ ಅದೇ. ಈಗ ಕೇಳಿದರೆ ಬಿಟ್ಟುಹೋದ ಹೆಂಡತಿಯನ್ನು ಗಂಡ ಮುಕ್ಕಾಲು ಗಂಟೆ ಗೊಣಗಿದಂತೆ ಕೇಳಿಸುತ್ತದೆ. ಎಲ್ಲರೂ ಅವನ ಅತ್ಯುತ್ತಮ ಆಲ್ಬಮ್ ಎನ್ನುತ್ತಾರೆ. ನನಗೆ ಇಷ್ಟವಾಗದಿರುವುದು ತಪ್ಪೆ?
(ಗೃಹಿಣಿ, ಬಂಗಾರಪೇಟೆ)

ಉತ್ತರ: ಅಮ್ಮಾ, ಬಂದ ಕಾಗದಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ನಿಮ್ಮದು, ಏಕೆಂದರೆ ಉಳಿದವರೆಲ್ಲ ಸಿಟ್ಟಿನಿಂದ ಪ್ರೀತಿಯ ಕಡೆಗೆ ನಡೆದಿದ್ದಾರೆ, ನೀವೊಬ್ಬರೇ ಎದುರು ದಿಕ್ಕಿನಲ್ಲಿ ಬಂದವರು. ತಪ್ಪೇನೂ ಇಲ್ಲ. 1975ರ ಜನವರಿಯಲ್ಲಿ ಅದು ಬಂದಾಗಲೂ ವಿಮರ್ಶಕರೆಲ್ಲ ಒಂದೇ ದನಿಯಲ್ಲಿ ಹೊಗಳಿರಲಿಲ್ಲ.

ಗೊಣಗಾಟ ಎಂಬ ನಿಮ್ಮ ಮಾತಿಗೆ ಒಂದು ಹಿನ್ನೆಲೆ ಇದೆ. ಡಿಲನ್ ಈ ಹತ್ತು ಹಾಡುಗಳನ್ನು 1974ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ಮೆಲುದನಿಯಲ್ಲಿ ಹಾಡಿ ಮುಗಿಸಿದ್ದ. ಹೊದಿಕೆಯೂ ಅಚ್ಚಾಗಿತ್ತು. ಡಿಸೆಂಬರಿನಲ್ಲಿ ತವರು ರಾಜ್ಯ ಮಿನೆಸೋಟಾಕ್ಕೆ ಹೋದಾಗ ತಮ್ಮನ ಮಾತು ಕೇಳಿ, ಮಿನಿಯಾಪೊಲಿಸ್‌ನ ಸ್ಥಳೀಯ ವಾದ್ಯಗಾರರನ್ನು ಕೂಡಿಸಿಕೊಂಡು, ಐದು ಹಾಡುಗಳನ್ನು ಹೊಸದಾಗಿ ಹಾಡಿದ. ಪಾಪ, ಹೊದಿಕೆ ಮೊದಲೇ ಅಚ್ಚಾಗಿದ್ದರಿಂದ ಆ ವಾದ್ಯಗಾರರ ಹೆಸರು ಅದರಲ್ಲಿ ಬರಲೇ ಇಲ್ಲ. ನಿಮಗೆ ಬೈಗುಳದಂತೆ ಕೇಳಿಸುವ ‘ಈಡಿಯಟ್ ವಿಂಡ್’ ಈ ಎರಡನೆಯ ಸಲದ್ದು, ಕೂಗಿ ಹಾಡಿದ್ದು. ಮೊದಲಿನದು 2018ರಲ್ಲಿ ಬಂದ ‘ಮೋರ್ ಬ್ಲಡ್, ಮೋರ್ ಟ್ರ್ಯಾಕ್ಸ್’ನಲ್ಲಿದೆ. ಕಥೆ ಅದೇ, ದೂರು ಅದೇ, ಆದರೆ ಹಾಡುವವನಿಗೆ ಕೂಗುವ ತ್ರಾಣವೇ ಉಳಿದಿಲ್ಲ. ಅದನ್ನು ಕೇಳಿ ನೋಡಿ. ಎರಡರಲ್ಲಿಯೂ ಒಂದು ಮಾತನ್ನು ಗಮನಿಸಿ: ಹಾಡಿನುದ್ದಕ್ಕೂ ‘ನೀನು ಮೂರ್ಖಳು’ ಎನ್ನುತ್ತ ಬಂದವನು ಕೊನೆಯ ಪಲ್ಲವಿಯಲ್ಲಿ ‘ನಾವು ಮೂರ್ಖರು’ ಎನ್ನುತ್ತಾನೆ. ಇಪ್ಪತ್ತೈದು ವರ್ಷ ಕೇಳಿದ ನಿಮ್ಮ ಯಜಮಾನರು ಆ ಸಾಲಿನ ತನಕ ಎಚ್ಚರವಾಗಿರುತ್ತಾರೆಯೆ ಎಂದು ವಿಚಾರಿಸಿ.

ಅದು ಅವನ ಸ್ವಂತ ಸಂಸಾರದ ಕಥೆ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ. ದಾಂಪತ್ಯ ಆಗ ಹದಗೆಟ್ಟಿತ್ತು, 1977ರಲ್ಲಿ ವಿಚ್ಛೇದನವಾಯಿತು, ಎಲ್ಲ ನಿಜ. ಆದರೆ 2004ರ ಆತ್ಮಕಥನದಲ್ಲಿ, ತನ್ನದೊಂದು ಆಲ್ಬಮ್ ಪೂರ್ತಿಯಾಗಿ ರಷ್ಯದ ಕಥೆಗಾರ ಚೆಕಾಫನ ಕಥೆಗಳನ್ನು ಆಧರಿಸಿದ್ದು, ವಿಮರ್ಶಕರು ಅದನ್ನು ಆತ್ಮಕಥೆಯೆಂದುಕೊಂಡರು ಎಂದು ಡಿಲನ್ ಬರೆದಿದ್ದಾನೆ. ಆಲ್ಬಮ್‌ನ ಹೆಸರು ಹೇಳಿಲ್ಲ. ಎಲ್ಲರೂ ಇದೇ ಎಂದುಕೊಂಡಿದ್ದಾರೆ.

ಪ್ರಶ್ನೆ: ದನಿಯೇ ಹೋಗಿರುವ ಮುದುಕನನ್ನು ಯಾಕೆ ಕೇಳಬೇಕು?
(ಓದುಗರೊಬ್ಬರು, ಶ್ರೀನಿವಾಸಪುರ)

ಉತ್ತರ: ಮಾವಿನ ಊರಿನವರು ನೀವು, ಮಿಡಿ ಉಪ್ಪಿನಕಾಯಿ ಹಾಕಿದ ವಾರಕ್ಕೆ ಚೆನ್ನಾಗಿರುತ್ತದೆಯೋ ವರ್ಷ ಕಳೆದ ಮೇಲೋ ನೀವೇ ಹೇಳಬೇಕು. 1997ರ ‘ಟೈಮ್ ಔಟ್ ಆಫ್ ಮೈಂಡ್’ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್ ಎನಿಸಿಕೊಂಡದ್ದು ಆ ಕಂಠದಿಂದಲೇ. 2020ರ ಮಾರ್ಚ್‌ನಲ್ಲಿ, ಎಲ್ಲರೂ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ, ಎಪ್ಪತ್ತೆಂಟರ ಡಿಲನ್ ಸುಮಾರು ಹದಿನೇಳು ನಿಮಿಷದ ಒಂದು ಹಾಡನ್ನು ಮುನ್ಸೂಚನೆಯಿಲ್ಲದೆ ಬಿಡುಗಡೆ ಮಾಡಿದ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ಪಟ್ಟಿಯೊಂದರಲ್ಲಿ ಅವನ ಸ್ವಂತ ಹೆಸರಿನಲ್ಲಿ ಮೊದಲ ಸ್ಥಾನ ಕಂಡ ಮೊದಲನೆಯ ಹಾಡು ಅದು. ಚಿಕ್ಕ ವಯಸ್ಸಿನ ದನಿಯಲ್ಲಿ ಅದನ್ನು ಹಾಡಿದ್ದರೆ ಯಾರೂ ಹದಿನೇಳು ನಿಮಿಷ ಕೂರುತ್ತಿರಲಿಲ್ಲ.

ಪ್ರಶ್ನೆ: ಹಾಗಾದರೆ ಇಂದು ಕೆಟ್ಟದೆನಿಸಿದ್ದೆಲ್ಲ ಒಂದು ದಿನ ಒಳ್ಳೆಯದಾಗುತ್ತದೆಯೆ?
(ವಕೀಲರು, ಕೋಲಾರ)

ಉತ್ತರ: ಇಲ್ಲ ಸ್ವಾಮಿ. 1988ರ ‘ಡೌನ್ ಇನ್ ದ ಗ್ರೂವ್’ ಅನ್ನು ಪ್ರತಿ ಐದು ವರ್ಷಕ್ಕೊಮ್ಮೆ ವಿಚಾರಣೆಗೆ ತೆಗೆದುಕೊಳ್ಳುತ್ತೇನೆ; ಪ್ರತಿ ಸಲ ಅದೇ ತೀರ್ಪು. 1986ರ ‘ನಾಕ್ಡ್ ಔಟ್ ಲೋಡೆಡ್’ನಲ್ಲಿ ನಾಟಕಕಾರ ಸ್ಯಾಮ್ ಷೆಪರ್ಡ್ ಜೊತೆ ಬರೆದ ಹನ್ನೊಂದು ನಿಮಿಷದ ಹಾಡೊಂದು ಮಾತ್ರ ಜಾಮೀನಿನ ಮೇಲೆ ಹೊರಗಿದೆ.

ಇದಕ್ಕಿಂತ ಕುತೂಹಲದ ಪ್ರಕರಣ 1983ರ ‘ಇನ್ಫಿಡೆಲ್ಸ್’. ಬಂದಾಗ ಅಭಿಮಾನಿಗಳು ನಿಟ್ಟುಸಿರು ಬಿಟ್ಟು ಸ್ವಾಗತಿಸಿದ ಆಲ್ಬಮ್ ಅದು. ಅದಕ್ಕೆಂದು ಹಾಡಿ ಕೈಬಿಟ್ಟಿದ್ದ ‘ಬ್ಲೈಂಡ್ ವಿಲ್ಲಿ ಮೆಕ್‌ಟೆಲ್’ 1991ರಲ್ಲಿ ಹೊರಬಂತು. ಅವನ ಅತಿ ದೊಡ್ಡ ಹಾಡುಗಳಲ್ಲಿ ಒಂದೆಂದು ಈಗ ಹೆಚ್ಚಿನವರು ಒಪ್ಪುವ ಹಾಡು. ಅಂದಿನಿಂದ ‘ಇನ್ಫಿಡೆಲ್ಸ್’ ಕೇಳುವಾಗಲೆಲ್ಲ ಕಿವಿ ಅಲ್ಲಿಲ್ಲದ ಹಾಡಿಗಾಗಿ ತಡಕಾಡುತ್ತದೆ. ಪ್ಲೇಟಿನಲ್ಲಿ ಒಂದು ಗೀರೂ ಬದಲಾಗಿಲ್ಲ, ಆದರೂ ಆಲ್ಬಮ್ ಚಿಕ್ಕದಾಗಿಬಿಟ್ಟಿತು. ಇದಕ್ಕೆ ಕಾಯಿದೆಯಲ್ಲಿ ಏನೆನ್ನುತ್ತೀರೋ ತಿಳಿಯದು.

ಪ್ರಶ್ನೆ: ನನ್ನ ತಂದೆ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಕೆಲಸ ಮಾಡಿದವರು. ಡಿಲನ್‌ನ ಮೂರನೆಯ ಆಲ್ಬಮ್‌ನಲ್ಲಿ ಗಣಿಯ ಊರಿನ ಹಾಡೊಂದಿದೆ, ‘ನಾರ್ತ್ ಕಂಟ್ರಿ ಬ್ಲೂಸ್’. ಹುಡುಗಿಯಾಗಿದ್ದಾಗ ಅದು ಬಂದರೆ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ, ಅಷ್ಟು ಮಂಕು. ತಂದೆ ಮಾತ್ರ ಹಾಕುತ್ತಿದ್ದರು, ಆದರೆ ಹಾಡು ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಪ್ರತಿ ಸಲ ಟೇಪನ್ನು ನಿಲ್ಲಿಸಿಬಿಡುತ್ತಿದ್ದರು. ಗಣಿ ಮುಚ್ಚಿದ ಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ. ಈಗ ನಾನು ಆ ಹಾಡನ್ನು ವಾರಕ್ಕೆ ಎರಡು ಸಲವಾದರೂ ಕೇಳುತ್ತೇನೆ. ಇದು ಹಾಡಿನ ಗುಣವೋ ನನ್ನ ಪರಿಸ್ಥಿತಿಯೋ? ನನ್ನ ಇಬ್ಬರು ಹೆಣ್ಣುಮಕ್ಕಳೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಬರುತ್ತಾರೆ.
(ಓದುಗರೊಬ್ಬರು, ಕೆಜಿಎಫ್)

ಉತ್ತರ: ಡಿಲನ್ ಬೆಳೆದದ್ದು ಮಿನೆಸೋಟಾದ ಹಿಬ್ಬಿಂಗ್ ಎಂಬ ಊರಿನಲ್ಲಿ. ಅದು ಕಬ್ಬಿಣದ ಅದಿರಿನ ಊರು. ಮನೆಗಳ ಕೆಳಗೇ ಅದಿರಿದೆ ಎಂದು ತಿಳಿದು ಗಣಿಯವರು ಊರನ್ನೇ ಎತ್ತಿ ದಕ್ಷಿಣಕ್ಕೆ ಸರಿಸಿದ ಇತಿಹಾಸ ಅದರದು. 1964ರಲ್ಲಿ ಬಂದ ಆ ಹಾಡನ್ನು ಹೇಳುತ್ತಿರುವವಳು ಒಬ್ಬ ಹೆಂಗಸು. ಆದರೆ ಗಣಿಗಾರನೊಬ್ಬನನ್ನು ಮದುವೆಯಾದ ಪ್ರಸ್ತಾಪ ನಡುವೆ ಬರುವ ತನಕ ಕೇಳುಗರಿಗೆ ಅದು ಗೊತ್ತಾಗುವುದಿಲ್ಲ. ಇಪ್ಪತ್ತೆರಡು ವರ್ಷದ ಹುಡುಗ ತನ್ನ ಊರಿನ ಹೆಂಗಸಿನ ದನಿಯನ್ನು ತಾಳ್ಮೆಯಿಂದ ಕಟ್ಟಿದ್ದಾನೆ, ಅಲ್ಲಿ ಪಲ್ಲವಿಯಿಲ್ಲ, ಏರಿಳಿತವಿಲ್ಲ. ಹುಡುಗಿಯಾಗಿದ್ದ ನಿಮಗೆ ಮಂಕಾಗಿ ಕೇಳಿಸಿದ್ದು ಇದೇ, ಮತ್ತು ನೀವು ಕೇಳಿದ್ದು ಸರಿಯಾಗಿಯೇ ಇತ್ತು. ಆ ಆಲ್ಬಮ್‌ನ ಮೆರವಣಿಗೆಯ ಹಾಡುಗಳನ್ನು ಹಾಡಿಕೊಂಡು ನಡೆದ ಲಕ್ಷ ಜನರೂ ಬಹುಶಃ ಇದನ್ನು ದಾಟಿಸಿಯೇ ಕೇಳಿರುತ್ತಾರೆ. ಇಂದು ಆ ಮೆರವಣಿಗೆಯ ಹಾಡುಗಳು ಸ್ವಲ್ಪ ಮುಕ್ಕಾಗಿವೆ, ಇದು ಹಾಗೆಯೇ ಇದೆ.

ಹಾಡಿನಲ್ಲಿ ಗಣಿ ಮುಚ್ಚುವುದು, ದಕ್ಷಿಣ ಅಮೆರಿಕದಲ್ಲಿ ಕಾಸಿಗೆ ಕೂಲಿ ಸಿಗುತ್ತದೆ, ಅದಿರು ಅಲ್ಲಿ ಅಗ್ಗ ಎಂಬ ಕಾರಣಕ್ಕೆ. ನಮ್ಮಲ್ಲಿ ಬೇರೆ: ಚಾಂಪಿಯನ್ ರೀಫ್ಸ್ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು, ಅದಿರಿನಲ್ಲಿ ಚಿನ್ನ ತೆಳುವಾಗುತ್ತ ಬಂದಿತ್ತು, ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು. 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಕಾರಣ ಬೇರೆಯಾದರೂ ಬೀಗದ ನಂತರದ್ದನ್ನು ಹಾಡು ತಪ್ಪಿಲ್ಲದೆ ಹೇಳುತ್ತದೆ. ಆದ್ದರಿಂದ ಗುಣವೋ ಪರಿಸ್ಥಿತಿಯೋ ಎಂದು ಬೇರೆ ಮಾಡಿ ತೂಗಲು ನನ್ನಿಂದಾಗದು.

ತಂದೆಯವರು ಟೇಪು ನಿಲ್ಲಿಸುತ್ತಿದ್ದದ್ದು ಎಲ್ಲಿ ಎಂದು ನಿಮ್ಮ ಕಾಗದ ಬಂದಂದಿನಿಂದ ಯೋಚಿಸುತ್ತಿದ್ದೇನೆ. ಕೊನೆಯ ನುಡಿಯಲ್ಲಿ ಬೇಸಿಗೆ ಕಳೆದು ನೆಲ ತಣ್ಣಗಾಗುತ್ತದೆ, ಅಂಗಡಿಗಳು ಒಂದೊಂದಾಗಿ ಮುಚ್ಚುತ್ತವೆ, ಮಕ್ಕಳು ಬೆಳೆಯುತ್ತಲೇ ಊರು ಬಿಟ್ಟು ಹೋಗುತ್ತಾರೆ, ಅವರನ್ನು ಹಿಡಿದಿಡಲು ಇಲ್ಲಿ ಏನೂ ಉಳಿದಿಲ್ಲ ಎಂದು ಆ ತಾಯಿ ಹೇಳುತ್ತಾಳೆ. ಅವರು ನಿಲ್ಲಿಸುತ್ತಿದ್ದುದು ಅಂಗಡಿಗಳ ಸಾಲಿಗೆ ಮುಂಚೆಯೋ, ಅದಾದ ಮೇಲೋ? ನೆನಪಿದ್ದರೆ ಒಂದು ಕಾರ್ಡು ಬರೆಯಿರಿ. ಆಗ ಆ ಕೋಣೆಯಲ್ಲಿ ನೀವು ಇದ್ದಿರಿ ಅಲ್ಲವೆ?